ನಕ್ಷೆಯಲ್ಲಿ ಗುರುತಿಲ್ಲದ್ದನ್ನು ಹುಡುಕುವುದು ಹೇಗೆ: ಸ್ಪೈಡರ್‌ಮ್ಯಾನ್ ಆಟದ ಮ್ಯಾನ್‌ಹಟನ್

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಹೋಟೆಲಿನ ಶಟರ್ ರಾತ್ರಿ 11ಕ್ಕೆ ಇಳಿಯುತ್ತದೆ. ಗಲ್ಲಾ ಲೆಕ್ಕ ಮುಗಿಸಿ ಮನೆಗೆ ಬಂದರೆ ಶನಿವಾರ ಮಾತ್ರ ಅಕ್ಕನ ಮಗ ಎಚ್ಚರ ಇರುತ್ತಾನೆ. ಟಿವಿಗೆ ಜೋಡಿಸಿ ಆಡುವ ಯಂತ್ರ ಪಿಎಸ್4 ಆನ್ ಮಾಡಿ, ಎರಡನೇ ರಿಮೋಟನ್ನು ಸುಮ್ನೆ ಕೈಯಲ್ಲಿ ಹಿಡಿದು ಕೂತಿರುತ್ತಾನೆ. ಇದು ಒಬ್ಬರೇ ಆಡುವ ಆಟ. ಆದರೂ ನಾವಿಬ್ಬರೂ ಸೇರಿಯೇ ಆಡುತ್ತೇವೆ. ಒಬ್ಬ ಆಡಿದರೆ ಇನ್ನೊಬ್ಬ ಕಣ್ಣು.

ಆಟ ಇನ್‌ಸೋಮ್ನಿಯಾಕ್ ಕಂಪನಿಯ ಮಾರ್ವೆಲ್ಸ್ ಸ್ಪೈಡರ್‌ಮ್ಯಾನ್. 2018ರ ಸೆಪ್ಟೆಂಬರ್ 7ಕ್ಕೆ ಬಂತು. ಕಂಪ್ಯೂಟರಿಗೆ ಬಂದದ್ದು 2022ರಲ್ಲಿ. ಕಥೆ ಮುಗಿಸಿದ ಜಾಸ್ತಿ ಜನ ಆಟವನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆಟ ನಡೆಯುವ ನ್ಯೂಯಾರ್ಕಿನ ಈ ಮ್ಯಾನ್‌ಹಟನ್‌ನಲ್ಲಿ ಅಡಗಿಸಿಟ್ಟ ಸಂಗತಿಗಳನ್ನು ನೋಡದೆ ಬಿಡಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಕ್ಷೆಯ ಕೆಲಸ ಮುಗಿಸಿ. ಒಂದೊಂದು ಬಡಾವಣೆಯಲ್ಲೂ ಪೊಲೀಸರ ಕಣ್ಗಾವಲು ಟವರ್‌ಗಳಿವೆ. ಅವನ್ನು ಸರಿಮಾಡಿದರೆ ಆ ಭಾಗದ ಗುರುತುಗಳು ನಕ್ಷೆಯಲ್ಲಿ ತೆರೆದುಕೊಳ್ಳುತ್ತವೆ. ಪೀಟರ್ (ಸ್ಪೈಡರ್‌ಮ್ಯಾನ್‌ನ ನಿಜ ಹೆಸರು) ಹಿಂದೆ ಅಲ್ಲಲ್ಲಿ ಬಿಟ್ಟುಹೋದ 55 ಬ್ಯಾಗ್‌ಗಳೂ ಕಾಣಿಸುತ್ತವೆ. ರಿಮೋಟಿನ ಬಲಗಡೆ ಸ್ಟಿಕ್ ಒತ್ತಿದರೆ ಹತ್ತಿರ ಇರುವುದು ಮಿನುಗುತ್ತದೆ. ಇಷ್ಟು ಸುಲಭ, ಒಂದು ವಾರದಲ್ಲಿ ಮುಗಿಯುತ್ತದೆ. ಬ್ಯಾಗ್ ಸಿಕ್ಕಾಗ ಗುಂಡಿ ಒತ್ತಿ ಮುಂದೆ ಓಡಬೇಡಿ. ಒಳಗಿನ ವಸ್ತುವನ್ನು ತಿರುಗಿಸಿ ನೋಡಿ, ಪೀಟರ್ ಹೇಳುವುದನ್ನು ಪೂರ್ತಿ ಕೇಳಿ. ಒಂದರಲ್ಲಿ ಸೀಸೆ ತುಂಬ ಮರಳಿದೆ. ಅದು ಮೈಯೆಲ್ಲ ಮರಳಾಗುವ ಖಳ ಸ್ಯಾಂಡ್‌ಮ್ಯಾನ್‌ನದು. ಈ ಆಟದಲ್ಲಿ ಅವನು ಎಲ್ಲೂ ಬರುವುದಿಲ್ಲ. 2023ರ ಎರಡನೇ ಭಾಗ ಶುರುವಾಗುವುದೇ ಅವನ ಜೊತೆಗಿನ ಜಗಳದಿಂದ. ಐದು ವರ್ಷ ಮೊದಲೇ ಒಂದು ಬ್ಯಾಗಿನಲ್ಲಿ ಅವನ ಗುರುತು ಇತ್ತು ಅಂತ ಗೊತ್ತಾದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ನಿಜವಾದ ಹುಡುಕಾಟ ಇದಾದ ಮೇಲೆ. ಗುಟ್ಟಿನ ಫೋಟೊಗಳು ಅಂತ 50 ಇವೆ. ಅವಕ್ಕೆ ನಕ್ಷೆಯಲ್ಲಿ ಗುರುತಿಲ್ಲ. ನೀವೇ ನೋಡಬೇಕು, ನೀವೇ ಕ್ಯಾಮೆರಾ ತೆಗೆಯಬೇಕು.

ಇಲ್ಲಿ ನನಗೆ ಸಹಾಯಕ್ಕೆ ಬಂದದ್ದು ಹಳೇ ಕೆಲಸ. ಬೈಂದೂರಿನಿಂದ ಮುಂಬೈಗೆ ಬಂದಾಗ ನನಗೆ 17. ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಆಫೀಸುಗಳಿಗೆ ಚಹಾ-ತಿಂಡಿ ಮುಟ್ಟಿಸುವ ಕೆಲಸ. ಇಂಗ್ಲಿಷ್ ಬೋರ್ಡು ಓದಲು ನಿಧಾನ ಆಗುತ್ತಿತ್ತು. ಕಟ್ಟಡದ ನಂಬರನ್ನು ಯಾರೂ ಹೇಳುತ್ತಿರಲಿಲ್ಲ. ‘ಮೂರನೇ ಮಾಳಿಗೆ, ಹಸಿರು ಕಿಟಕಿ, ಕೆಳಗೆ ಬೀಗ ರಿಪೇರಿಯವ’ ಅಂತ ಹೇಳಿ ಕಳಿಸುತ್ತಿದ್ದರು. ನಾಲ್ಕು ತಿಂಗಳಲ್ಲಿ ನನ್ನ ಕಣ್ಣು ಬೇರೆ ಥರ ಆಯಿತು. ಬಾಗಿಲಿನ ಮೇಲೆ ಏನಿದೆ, ಕಿಟಕಿಯ ಆಕಾರ ಏನು, ಅಕ್ಕಪಕ್ಕದ ಮನೆಗಿಂತ ಇದು ಎಲ್ಲಿ ಬೇರೆ? ಇವತ್ತಿಗೂ ನಾನು ಬೀದಿಯನ್ನು ಹಾಗೇ ನೋಡುತ್ತೇನೆ.

ಆಟದಲ್ಲೂ ಅದನ್ನೇ ಮಾಡಿ. ಗ್ರೀನಿಚ್ ಭಾಗಕ್ಕೆ ಹೋಗಿ. ಕಾಮಿಕ್ಸ್‌ನಲ್ಲಿ ಮಾಂತ್ರಿಕ ಹೀರೊ ಡಾಕ್ಟರ್ ಸ್ಟ್ರೇಂಜ್‌ನ ಮನೆಯ ವಿಳಾಸ 177ಎ ಬ್ಲೀಕರ್ ಸ್ಟ್ರೀಟ್. ಬ್ಲೀಕರ್ ಸ್ಟ್ರೀಟ್ ನಿಜವಾದ ನ್ಯೂಯಾರ್ಕಿನಲ್ಲೂ ಗ್ರೀನಿಚ್ ವಿಲೇಜಿನ ಬೀದಿ. ಅಂದರೆ ಕಾಮಿಕ್ಸ್ ಗೊತ್ತಿದ್ದವರಿಗೆ ಯಾವ ಬಡಾವಣೆಯಲ್ಲಿ ಹುಡುಕಬೇಕು ಅಂತ ಮೊದಲೇ ತಿಳಿದಿರುತ್ತದೆ. ಅಲ್ಲಿ ಸಾಲು ಮನೆಗಳಿವೆ. ಎಲ್ಲ ಕಿಟಕಿಗಳೂ ಚೌಕ. ಒಂದು ಮನೆಯ ತಲೆಯ ಮೇಲೆ ಮಾತ್ರ ದೊಡ್ಡ ದುಂಡು ಕಿಟಕಿ, ಅದರಲ್ಲಿ ಬಾಗಿದ ಅಡ್ಡಗೆರೆಗಳು. ಹುಡುಗ ಮೊದಲ ಸಲ ಅದನ್ನು ಕಂಡಾಗ ನನ್ನ ತೊಡೆಗೆ ಹೊಡೆದು ‘ಮಾವ, ಇಲ್ ಕಾಣಿ!’ ಅಂದ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವನು, ಖುಷಿ ಬಂದರೆ ಬಾಯಲ್ಲಿ ಕುಂದಾಪುರದ ಮಾತೇ.

ಹೆಲ್ಸ್ ಕಿಚನ್‌ನಲ್ಲಿ ನೆಲ್ಸನ್ ಮತ್ತು ಮರ್ಡಾಕ್ ವಕೀಲರ ಬೋರ್ಡು ಹುಡುಕಿ. ಮರ್ಡಾಕ್ ಅಂದರೆ ಡೇರ್‌ಡೆವಿಲ್ ಅನ್ನುವ ಹೀರೊ. ಇಂಥದ್ದನ್ನು ಗಗನಚುಂಬಿಗಳ ನಡುವೆ ಜೋಕಾಲಿ ಆಡುತ್ತಾ ಹೋದರೆ ಜನ್ಮದಲ್ಲಿ ಕಾಣುವುದಿಲ್ಲ. ಬೀದಿಗೆ ಇಳಿಯಿರಿ. ಎಷ್ಟು ಎತ್ತರದಿಂದ ಬಿದ್ದರೂ ಸ್ಪೈಡರ್‌ಮ್ಯಾನ್‌ಗೆ ಏನೂ ಆಗುವುದಿಲ್ಲ, ಹೆದರಬೇಡಿ. ನಡೆಯಿರಿ. ಜನ ಕೈ ಬೀಸುತ್ತಾರೆ, ನೀವೂ ಬೀಸಬಹುದು. ಒಂದು ರಾತ್ರಿ ಒಂದೇ ಬಡಾವಣೆ ಅಂತ ಇಟ್ಟುಕೊಳ್ಳಿ. ಸಬ್‌ವೇ, ಅಂದರೆ ನೆಲದಡಿಯ ರೈಲು, ಹಿಡಿದು ದೂರದ ಜಾಗಕ್ಕೆ ಹಾರುವುದನ್ನು ಆ ರಾತ್ರಿ ಬಿಡಿ. (ಆದರೆ ಒಂದೆರಡು ಸಲ ಸಬ್‌ವೇ ಬಳಸಲೇಬೇಕು. ಮುಖವಾಡ ಹಾಕಿಕೊಂಡೇ ಸ್ಪೈಡರ್‌ಮ್ಯಾನ್ ಪ್ರಯಾಣಿಕರ ನಡುವೆ ಕೂತಿರುವ ದೃಶ್ಯ ಬರುತ್ತದೆ. ದಿನಾ ಲೋಕಲ್‌ನಲ್ಲಿ ಓಡಾಡುವ ನಮಗೆ ಅದು ಬಹಳ ಹತ್ತಿರದ್ದು.)

ಕಣ್ಣು ಪಳಗಬೇಕು ಅಂದರೆ ಆಟದ ಹೊರಗೂ ಅಭ್ಯಾಸ ಬೇಕು. ನಾನು ಹುಡುಗನನ್ನು ಒಂದು ಭಾನುವಾರ ಮುಂಬೈಯ ವೀಟಿ ರೈಲ್ವೆ ಸ್ಟೇಷನ್ನಿಗೆ (ಈಗಿನ ಸಿಎಸ್‌ಎಂಟಿ) ಕರೆದುಕೊಂಡು ಹೋದೆ. ದಿನಕ್ಕೆ ಲಕ್ಷಾಂತರ ಜನ ಆ ಕಟ್ಟಡದ ಕೆಳಗೆ ಹಾಯುತ್ತಾರೆ. ಮೇಲೆ ನೋಡುವವರು ಬೆರಳೆಣಿಕೆ. ‘ರಸ್ತೆ ಕಡೆಯ ಗೇಟಿನ ಎರಡು ಕಂಬಗಳ ಮೇಲೆ ಏನಿದೆ ಹೇಳು’ ಅಂದೆ. ಅವನು ಎರಡೂ ಸಿಂಹ ಅಂದ. ಹತ್ತಿರ ಹೋಗಿ ನೋಡು ಅಂದೆ. ಒಂದು ಸಿಂಹ, ಇನ್ನೊಂದು ಹುಲಿ. ಸಿಂಹ ಬ್ರಿಟನ್, ಹುಲಿ ಇಂಡಿಯಾ. 1888ರಲ್ಲಿ ಮುಗಿದ ಆ ಕಟ್ಟಡದ ಕಲ್ಲಿನಲ್ಲಿ ನವಿಲು, ಮಂಗ, ಅಳಿಲು ಎಲ್ಲ ಇವೆ. ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಯೂ ಆ ಅಲಂಕಾರದಲ್ಲಿದೆ. ನಾವು ಒಂದು ಗಂಟೆ ಅಲ್ಲೇ ನಿಂತೆವು. ಆ ರಾತ್ರಿ ಅವನು ಆಟದಲ್ಲಿ ಎರಡು ಹೊಸ ಫೋಟೊ ಹಿಡಿದ.

ಎತ್ತರದ್ದು ಒಂದೇ ಒಂದು ಹೇಳುತ್ತೇನೆ. ಅವೆಂಜರ್ಸ್ ಅನ್ನುವ ಹೀರೊಗಳ ತಂಡದ ಕಟ್ಟಡ, ಅವೆಂಜರ್ಸ್ ಟವರ್. ದೊಡ್ಡ ‘ಎ’ ಅಕ್ಷರ ದೂರದಿಂದಲೇ ಕಾಣುತ್ತದೆ. ಅದರ ತುತ್ತತುದಿಗೆ ಹತ್ತಿ ಕೂತರೆ ಒಂದು ಟ್ರೋಫಿ, ಅಂದರೆ ಆಟ ಕೊಡುವ ಬಹುಮಾನದ ಗುರುತು, ಸಿಗುತ್ತದೆ. ಗೋಡೆ ಓಡಿ ಹತ್ತಿ, ಕೊನೆಯಲ್ಲಿ ರಿಮೋಟಿನ ಎಲ್2, ಆರ್2 ಗುಂಡಿ ಒಟ್ಟಿಗೆ ಒತ್ತಿ. ಟ್ರೋಫಿಯ ಹೆಸರು ‘ಹೀರೊ ಫಾರ್ ಹೈಯರ್’. ಹೈಯರ್ ಅಂದರೆ ಇನ್ನೂ ಎತ್ತರ, ಹೈರ್ ಅಂದರೆ ಬಾಡಿಗೆ. ಲ್ಯೂಕ್ ಕೇಜ್, ಐರನ್ ಫಿಸ್ಟ್ ಅನ್ನುವ ಹೀರೊ ಜೋಡಿಯ ‘ಹೀರೋಸ್ ಫಾರ್ ಹೈರ್’ ಕಾಮಿಕ್ಸ್ ಗೊತ್ತಿದ್ದವರಿಗೆ ಆ ಹೆಸರೇ ಇನ್ನೊಂದು ಗುಟ್ಟು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದ ಜಾಗ. ನಕ್ಷೆಯ ಉತ್ತರದ ತುದಿಗೆ, ಹಾರ್ಲೆಮ್ ಕಡೆಗೆ ಹೋಗಿ. ಅಲ್ಲೊಂದು ಸಮಾಧಿಗಳ ಜಾಗ ಇದೆ. ಅಲ್ಲಿಗೆ ಹೋಗಿ ಹುಡುಕಿ ಅಂತ ಆಟ ನಿಮಗೆ ಹೇಳುವುದಿಲ್ಲ. ಸಾಲಿನಲ್ಲಿ ಹುಡುಕಿದರೆ ಬೆನ್ ಪಾರ್ಕರ್ ಹೆಸರಿನ ಕಲ್ಲು ಸಿಗುತ್ತದೆ. ಪೀಟರ್‌ನ ಬೆನ್ ಚಿಕ್ಕಪ್ಪ. ಹತ್ತಿರ ನಿಂತರೆ ತ್ರಿಕೋನದ ಗುಂಡಿ ತೋರಿಸುತ್ತದೆ, ಒತ್ತಿ. ಟ್ರೋಫಿ ಬರುತ್ತದೆ ಅಂತ ಅವಸರ ಮಾಡಬೇಡಿ. ಸ್ವಲ್ಪ ಹೊತ್ತು ರಿಮೋಟ್ ಕೆಳಗಿಡಿ.

ನಾವು ಅದನ್ನು ಕಂಡದ್ದು ಭಾವ ತೀರಿಕೊಂಡ ವರ್ಷ. ಹುಡುಗನಿಗೆ ಆಗ ಒಂಬತ್ತು. ಅವನೇ ಗುಂಡಿ ಒತ್ತಿದ. ಆಮೇಲೆ ಮಾತಾಡಲಿಲ್ಲ. ಸ್ಪೈಡರ್‌ಮ್ಯಾನ್‌ನನ್ನು ಅಲ್ಲೇ ನಿಲ್ಲಿಸಿ ನೀರು ಕುಡಿಯಲು ಎದ್ದು ಹೋದ. ನಾನು ಹಾಗೇ ಬಿಟ್ಟೆ, ಮುಂದೆ ಆಡಲಿಲ್ಲ.

ಮೈಲ್ಸ್ ಅನ್ನುವ ಹುಡುಗ ಸ್ಪೈಡರ್‌ಮ್ಯಾನ್ ಆಗಿರುವ 2020ರ ಮೈಲ್ಸ್ ಮೊರಾಲೆಸ್ ಆಟದಲ್ಲೂ ಹೀಗೇ ಒಂದು ಸಮಾಧಿ ಇದೆ. ಅದು ಮೈಲ್ಸ್‌ನ ಅಪ್ಪ ಜೆಫರ್ಸನ್‌ನದು. 2023ರ ಆಟದಲ್ಲಿ ಮತ್ತೊಂದು. ಅದು ಯಾರದ್ದು ಅಂತ ಹೇಳಿದರೆ ಮೊದಲ ಆಟದ ಕೊನೆಯನ್ನೇ ಹೇಳಿದ ಹಾಗೆ. ಮೂರೂ ಆಟದಲ್ಲಿ ಹುಡುಕಿ.

ಮೈಲ್ಸ್ ಮೊರಾಲೆಸ್‌ನಲ್ಲಿ ಅದೇ ಮ್ಯಾನ್‌ಹಟನ್, ಆದರೆ ಹಿಮ ಬಿದ್ದಿದೆ. ಹಳೇ ಜಾಗಗಳಿಗೆ ಮತ್ತೆ ಹೋಗಿ ಏನು ಬದಲಾಗಿದೆ ನೋಡಿ. ಮೊದಲ ಆಟದಲ್ಲಿ ಪೀಟರ್ ಮತ್ತು ಅವನ ಗೆಳತಿ ಎಂಜೆ ಊಟಕ್ಕೆ ಸೇರುವ ಮಿಕ್ಸ್ ಅನ್ನುವ ಹೋಟೆಲ್ ನೆನಪಿದೆಯಾ? ಅಲ್ಲಿ ಅಡುಗೆಯವರಾಗಿ ಕಾಣಿಸಿಕೊಂಡ ಅಜ್ಜ ಸ್ಟಾನ್ ಲೀ. ಸ್ಟೀವ್ ಡಿಟ್ಕೊ ಜೊತೆ 1962ರಲ್ಲಿ ಸ್ಪೈಡರ್‌ಮ್ಯಾನ್‌ನನ್ನು ಹುಟ್ಟಿಸಿದವರು. ಆಟ ಬಂದ ಎರಡೇ ತಿಂಗಳಿಗೆ, 2018ರ ನವೆಂಬರ್ 12ರಂದು ತೀರಿಕೊಂಡರು. ಮೈಲ್ಸ್ ಆಟದಲ್ಲಿ ಅದೇ ಹೋಟೆಲಿನ ಹೊರಗೆ ಅವರ ಪ್ರತಿಮೆ ನಿಂತಿದೆ. ಆ ಆಟ ಬಿಡುಗಡೆಯಾದ ದಿನವೂ 2020ರ ನವೆಂಬರ್ 12. ಒಬ್ಬ ದೊಡ್ಡ ಮನುಷ್ಯನ ಪ್ರತಿಮೆಯನ್ನು ಹೋಟೆಲಿನ ಬಾಗಿಲಲ್ಲಿ ಇಟ್ಟದ್ದು ಹೋಟೆಲಿನವನಾದ ನನಗೆ ತುಂಬಾ ಹಿಡಿಸಿತು.

ಇಲ್ಲದಿರುವುದನ್ನೂ ಗಮನಿಸಿ. ಮೊದಲ ಆಟದಲ್ಲಿ ಕ್ರೈಸ್ಲರ್ ಬಿಲ್ಡಿಂಗ್ ಇತ್ತು. ಮೈಲ್ಸ್ ಆಟದಲ್ಲಿ ಆ ಜಾಗದಲ್ಲಿ ಬೇರೆ ಯಾವುದೋ ಕಟ್ಟಡ. ನಡುವೆ 2019ರಲ್ಲಿ ನಿಜವಾದ ಕಟ್ಟಡ ಮಾರಾಟವಾಯಿತು. ಹೊಸ ಮಾಲೀಕರ ಜೊತೆ ಒಪ್ಪಂದ ಕೂಡಿಬರಲಿಲ್ಲ.

ಬೇರೆ ಸೂಪರ್‌ಹೀರೊ ಆಟಗಳಲ್ಲೂ ಈ ಪದ್ಧತಿ ನಡೆಯುತ್ತದೆ. 2009ರ ಬ್ಯಾಟ್‌ಮ್ಯಾನ್ ಅರ್ಕಮ್ ಅಸೈಲಮ್‌ನಲ್ಲಿ ವಾರ್ಡನ್ ಕೋಣೆಯ ಒಂದು ಗೋಡೆಗೆ ಸಿಡಿಯುವ ಜೆಲ್ ಮೂರು ಸಲ ಹಚ್ಚಿ ಸಿಡಿಸಿದರೆ ಒಳಗೊಂದು ಕೋಣೆ ತೆರೆಯುತ್ತದೆ. ಅದರಲ್ಲಿ ಮುಂದಿನ ಆಟದ ಊರಿನ ನಕ್ಷೆ. ತಿಂಗಳುಗಟ್ಟಲೆ ಯಾರಿಗೂ ಸಿಗಲಿಲ್ಲ, ಕೊನೆಗೆ ಮಾಡಿದವರೇ ಹೇಳಬೇಕಾಯಿತು. 2011ರ ಅರ್ಕಮ್ ಸಿಟಿಯಲ್ಲಿ ಕ್ಯಾಲೆಂಡರ್ ಮ್ಯಾನ್ ಅನ್ನುವ ಕೈದಿ ಇದ್ದಾನೆ. ಹಬ್ಬದ ದಿನ ಹೋದರೆ ಆ ಹಬ್ಬದ ಕಥೆ ಹೇಳುತ್ತಾನೆ. ಯಂತ್ರದ ತಾರೀಕನ್ನು 2004ರ ಡಿಸೆಂಬರ್ 13ಕ್ಕೆ ತಿರುಗಿಸಿದರೆ ಬೇರೆಯೇ ಮಾತು ಹೇಳುತ್ತಾನೆ. ಅದು ಆಟ ಮಾಡಿದ ರಾಕ್‌ಸ್ಟೆಡಿ ಕಂಪನಿ ಶುರುವಾದ ದಿನ.

ಕೊನೆಗೆ ಒಂದು ಕೆಲಸದ ಮಾತು. ವಿಡಿಯೊ ನೋಡಿ ಹುಡುಕಬೇಡಿ, ಕೊನೆಯ ನಾಲ್ಕೈದು ಉಳಿದಾಗ ಬೇಕಾದರೆ ನೋಡಿ. ಅದರ ಬದಲು ಒಂದು ಪುಸ್ತಕ ಇಡಿ. ನಾವು ಹೋಟೆಲಿನ ಹಳೇ ಆರ್ಡರ್ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತೇವೆ. ಬಡಾವಣೆ, ಹತ್ತಿರದ ಗುರುತು, ಏನು ಸಿಕ್ಕಿತು, ಯಾರು ಮೊದಲು ಕಂಡದ್ದು. ನಮ್ಮ ಲೆಕ್ಕದಲ್ಲಿ ಈಗ 43 ಆಗಿದೆ. ಅದರಲ್ಲಿ 29 ಅವನದು. ಈ ಶನಿವಾರ ಚೈನಾಟೌನ್.