ಅವ್ವ ಎತ್ತಿದ ಕೊಡ

ಬಿ.ಕಾಂ. ಮುಗಿಸಿ ಹಾವೇರಿಯಿಂದ ಬೆಂಗಳೂರಿಗೆ ಬಂದಾಗ, ಸಾಫ್ಟ್‌ವೇರ್ ಕಲಿತರೆ ಆನಿಮೇಷನ್ ಬಂದಂತೆ ಎಂದೇ ನಂಬಿದ್ದೆ. ಸೇರಿದ ತರಬೇತಿ ಸಂಸ್ಥೆಯಲ್ಲಿ ಮಾಡೆಲಿಂಗ್, ಲೈಟಿಂಗ್, ಆನಿಮೇಷನ್ ಎಲ್ಲವನ್ನೂ ಅಷ್ಟಷ್ಟು ಹೇಳಿಕೊಟ್ಟರು. ಅವನ್ನೆಲ್ಲ ಪೋಣಿಸಿ ಮೂರು ನಿಮಿಷದ ಶೋರೀಲ್ (ನನ್ನ ಕೆಲಸದ ಮಾದರಿಗಳ ವಿಡಿಯೊ) ಮಾಡಿ ಹತ್ತಾರು ಸ್ಟುಡಿಯೋಗಳಿಗೆ ಕಳುಹಿಸಿದೆ. ಕರೆ ಬಂದದ್ದು ಒಂದೇ ಕಡೆಯಿಂದ. ಅಲ್ಲಿನ ಸೂಪರ್‌ವೈಸರ್ ಇಪ್ಪತ್ತು ಸೆಕೆಂಡು ನೋಡಿ, “ನಿಮ್ಮ ಪಾತ್ರ ಚೀಲ ಎತ್ತುತ್ತಿದೆ, ಆದರೆ ಚೀಲದಲ್ಲಿ ಏನೂ ಇಲ್ಲ” ಎಂದರು. ಕೊಟ್ಟದ್ದು ರೋಟೋ ವಿಭಾಗದ ಕೆಲಸ.

ನಟನನ್ನು ಹಿನ್ನೆಲೆಯಿಂದ ಬೇರ್ಪಡಿಸಲು ಫ್ರೇಮ್ ಫ್ರೇಮಿಗೂ ಅವನ ಅಂಚನ್ನು ಸರಿಪಡಿಸುತ್ತ ಹೋಗುವುದೇ ರೋಟೋ. ಸೆಕೆಂಡಿಗೆ 24 ಫ್ರೇಮಿನಂತೆ ಐದು ಸೆಕೆಂಡಿನ ಶಾಟ್ ಎಂದರೆ 120 ಫ್ರೇಮ್. ಇದನ್ನು ಕೀಳಾಗಿ ಕಾಣುವವರು ಬಹಳ ಮಂದಿ. ಆದರೆ ಕಾಲು ನೆಲ ಬಿಡುವ ಮೊದಲೇ ಭಾರ ಇನ್ನೊಂದು ಕಾಲಿಗೆ ಸರಿದಿರುತ್ತದೆ ಎಂಬುದನ್ನು ನನ್ನ ಕಣ್ಣಿಗೆ ತೋರಿಸಿದ್ದು ಆ ಕೆಲಸವೇ. ರಾತ್ರಿ ಕೋಣೆಗೆ ಬಂದು, ಉಚಿತವಾಗಿ ಸಿಗುವ ಆನಿಮೇಷನ್ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ, ಪುಟಿಯುವ ಚೆಂಡಿನಿಂದ ಮತ್ತೆ ಮೊದಲು ಮಾಡಿದೆ.

ದೀಪಾವಳಿಗೆ ಊರಿಗೆ ಹೋದಾಗ, ಅವ್ವ ನಲ್ಲಿಯ ಬಳಿ ತುಂಬಿದ ಕೊಡ ಎತ್ತುವುದನ್ನು ಮೊಬೈಲಿನಲ್ಲಿ ಮುಂದಿನಿಂದಲೂ ಪಕ್ಕದಿಂದಲೂ ಸೆರೆಹಿಡಿದೆ. ಒಂದೊಂದೇ ಫ್ರೇಮ್ ಸರಿಸಿ ನೋಡಿದಾಗ ತಿಳಿಯಿತು: ಕೊಡ ನೇರವಾಗಿ ಸೊಂಟಕ್ಕೆ ಬರುವುದೇ ಇಲ್ಲ. ಮೊದಲು ಮೊಣಕಾಲು ಮಡಿಯುತ್ತದೆ, ಒಂದು ಕೈ ಕೊಡದ ಕಂಠ ಹಿಡಿಯುತ್ತದೆ, ಇನ್ನೊಂದು ತಳಕ್ಕೆ ಹೋಗುತ್ತದೆ. ಕೊಡ ತೊಡೆಯ ಮೇಲೆ ಬಂದು ಐದಾರು ಫ್ರೇಮ್ ತಂಗುತ್ತದೆ, ಆಮೇಲೆ ಒಂದೇ ಎಳೆತಕ್ಕೆ ಸೊಂಟ ಸೇರುತ್ತದೆ. ಆಗ ಮೈ ಎದುರು ಬದಿಗೆ ವಾಲಿ, ಬರಿಗೈ ದೂರ ಚಾಚಿಕೊಳ್ಳುತ್ತದೆ. ಕೊಡ ನಿಂತ ಮೇಲೂ ನೀರು ತುಳುಕುತ್ತಲೇ ಇರುತ್ತದೆ.

ಆನಿಮೇಟರ್ ಕೂರಿಸಿದ ಎರಡು ಮುಖ್ಯ ಭಂಗಿಗಳ, ಅಂದರೆ ಎರಡು ಕೀ‌ಫ್ರೇಮ್‌ಗಳ ನಡುವಿನ ಚಲನೆಯನ್ನು ಕಂಪ್ಯೂಟರ್ ತಾನೇ ನುಣುಪಾಗಿ ತುಂಬಿಬಿಡುತ್ತದೆ. ನನ್ನ ಚೀಲ ಹಗುರವಾಗಿ ಕಂಡದ್ದು ಆ ನುಣುಪಿನಿಂದಲೇ. ತೊಡೆಯ ಮೇಲಿನ ಆ ತಂಗುವಿಕೆಯನ್ನು, ಚಲನೆಯನ್ನು ಗೆರೆಗಳಾಗಿ ತೋರಿಸಿ ತಿದ್ದಲು ಬಿಡುವ ಗ್ರಾಫ್ ಎಡಿಟರ್‌ನಲ್ಲಿ ಕೈಯಾರೆ ಕೂರಿಸಲು ನನಗೆ ಮೂರು ವಾರ ಹಿಡಿಯಿತು.

ಹೊಸ ಶೋರೀಲ್ ಮೂವತ್ತೈದು ಸೆಕೆಂಡಿನದು, ಮೂರೇ ಶಾಟ್, ಕೊಡದ್ದೇ ಮೊದಲು. ಇನ್ನೊಂದು ಸ್ಟುಡಿಯೋದ ಸಂದರ್ಶನದಲ್ಲಿ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದವರು, ಭಾರ ಎಡಗಾಲಿಗೆ ಬೀಳುವುದು ಎಷ್ಟನೆಯ ಫ್ರೇಮಿನಲ್ಲಿ ಎಂದು ಕೇಳಿದರು. ಪರದೆ ನೋಡದೆಯೇ ಹೇಳಿದೆ. ಮುಂದಿನ ತಿಂಗಳು ಅಲ್ಲಿ ಜೂನಿಯರ್ ಆನಿಮೇಟರ್ ಆಗಿ ಸೇರಿದೆ.