ಸ್ಟೋಯಿಕ್ ಅಂದ್ರೆ ಕಲ್ಲುಮನಸ್ಸಲ್ಲ

ಸ್ಟೋಯಿಕ್ ತತ್ವ (ನಮ್ಮ ಕೈಯಲ್ಲಿರುವುದರ ಮೇಲಷ್ಟೇ ಗಮನ ಇಡು ಎನ್ನುವ ಹಳೆಯ ಗ್ರೀಕ್-ರೋಮನ್ ಚಿಂತನೆ) ಪಾಲಿಸ್ತೀನಿ ಅಂದರೆ ಸಾಕು, ‘ಇನ್ಮೇಲೆ ನಿನಗೆ ನೋವೇ ಆಗಲ್ಲ ಬಿಡು’ ಎಂದು ಗೆಳೆಯರು ಕಾಲೆಳೆಯುತ್ತಾರೆ. ನೋವು ಆಗುತ್ತದೆ. ಆ ತತ್ವ ಹೇಳಿದವರೂ ಅದನ್ನು ಒಪ್ಪಿದ್ದರು.

ಕ್ರಿ.ಶ. 2ನೇ ಶತಮಾನದ ರೋಮನ್ ಲೇಖಕ ಆಲಸ್ ಗೆಲಿಯಸ್ ಒಮ್ಮೆ ಹಡಗಿನಲ್ಲಿದ್ದಾಗ ಬಿರುಗಾಳಿ ಎದ್ದಿತಂತೆ. ಜೊತೆಗಿದ್ದ ಸ್ಟೋಯಿಕ್ ಪಂಡಿತನ ಮುಖವೂ ಬಿಳಿಚಿಕೊಂಡಿತು. ಯಾಕೆ ಹೀಗೆ ಎಂದು ಆಮೇಲೆ ಕೇಳಿದರೆ, ಅವನು ಸ್ಟೋಯಿಕ್ ಗುರು ಎಪಿಕ್ಟೆಟಸ್‌ನ ಮಾತುಗಳಿದ್ದ ಪುಸ್ತಕ ತೆಗೆದುಕೊಟ್ಟ. ಅದರ ಪ್ರಕಾರ, ಮೊದಲು ಬೆಚ್ಚಿಬೀಳುವುದು ಯಾರ ಕೈಯಲ್ಲೂ ಇಲ್ಲ. ‘ಹೌದು, ಇದು ಕೇಡೇ’ ಎಂದು ಮನಸ್ಸು ಹೂಂಗುಟ್ಟುವುದು ಮಾತ್ರ ನಮಗೆ ಸೇರಿದ್ದು. ನನ್ನ ಅಭ್ಯಾಸವೆಲ್ಲ ಈ ‘ಹೂಂ’ ಮೇಲೆಯೇ.

ಮೇಲಿನವರು ಎಲ್ಲರೆದುರು ನನ್ನ ವರದಿಯನ್ನು ಪಕ್ಕಕ್ಕೆ ತಳ್ಳಿದರು ಅನ್ನಿ. ಕಿವಿ ಬಿಸಿಯಾಗುತ್ತದೆ. ಆಗಲಿ ಬಿಡಿ, ಅದರ ಜೊತೆ ಗುದ್ದಾಡುವುದಿಲ್ಲ. ಕೈಗೆ ಸಿಕ್ಕ ಚೀಟಿಯಲ್ಲಿ ನಡೆದದ್ದನ್ನು ಬರೆಯುತ್ತೇನೆ: ‘ವರದಿ ಬೇಡ ಅಂದರು.’ ಅದರ ಕೆಳಗೆ ನಾನು ಸೇರಿಸಿಕೊಂಡದ್ದು: ‘ಮರ್ಯಾದೆ ಹೋಯ್ತು.’ ಎರಡನೆಯದಕ್ಕೆ ಹೂಂ ಅನ್ನಬೇಕಾ? ಬರೆದು ನೋಡಿದಾಗ ಅದು ಎಷ್ಟೋ ಸಲ ಸುಮ್ನೆ ನನ್ನ ಕಲ್ಪನೆ ಅಂತ ಕಾಣುತ್ತದೆ. ಹಾಗಂತ ಬಾಯಿ ಮುಚ್ಚಿ ಕೂರುವುದಿಲ್ಲ. ಅವರು ಹೇಳಿದ್ದು ಅನ್ಯಾಯ ಅನ್ನಿಸಿದರೆ ಸಿಟ್ಟು ಇಳಿದ ಮೇಲೆ ಹೋಗಿ ಹೇಳುತ್ತೇನೆ.

‘ನಮ್ಮ ಕೈಯಲ್ಲಿಲ್ಲ’ ಎಂದು ಕೈಚೆಲ್ಲುವುದೇ ಸ್ಟೋಯಿಕ್ ದಾರಿ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಸ್ಟೋಯಿಕ್ ತತ್ವ ನೆಚ್ಚಿದ್ದ ರೋಮನ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಕ್ರಿ.ಶ. 161ರಿಂದ 180ರವರೆಗೆ, ಯುದ್ಧ ಮತ್ತು ಸಾಂಕ್ರಾಮಿಕ ರೋಗದ ನಡುವೆಯೇ, ಸಾಮ್ರಾಜ್ಯ ನಡೆಸಿದವನು. ಕೈಚೆಲ್ಲಿದವನು ಹಾಗೆ ಮಾಡ್ತಾನಾ? ಗುರಿಯಿಟ್ಟು ಬಾಣ ಬಿಡುವವರೆಗೆ ಬಿಲ್ಲುಗಾರನ ಕೆಲಸ, ತಾಗುವುದು ಬಿಡುವುದು ಆಮೇಲಿನ ಮಾತು. ಈ ಹೋಲಿಕೆ ಸ್ಟೋಯಿಕರದೇ, ರೋಮನ್ ಲೇಖಕ ಸಿಸೆರೊ ಬರೆದಿಟ್ಟಿದ್ದಾನೆ. ಸಂದರ್ಶನಕ್ಕೆ ಹೋಗುವಾಗ ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಇದೇ. ಸ್ಟೋಯಿಕ್ ಹೆಸರಿನಲ್ಲಿ ತಣ್ಣೀರು ಸ್ನಾನ ಮಾಡಿ ಎದೆಯುಬ್ಬಿಸುವ ವಿಡಿಯೊಗಳಿಂದ ಮಾತ್ರ ಏನೂ ಸಿಗಲಿಲ್ಲ.

ರಾತ್ರಿ ದೀಪ ಆರಿಸಿದ ಮೇಲೆ ರೋಮಿನ ಸ್ಟೋಯಿಕ್ ಲೇಖಕ ಸೆನೆಕಾ ದಿನವನ್ನೆಲ್ಲ ಮನಸ್ಸಿನಲ್ಲೇ ತಿರುವಿ ನೋಡುತ್ತಿದ್ದ. ನಾನೂ ನೋಡುತ್ತೇನೆ. ‘ಇನ್ನೊಮ್ಮೆ ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದೆ’ ಎಂದು ಅವನು ತನಗೇ ಹೇಳಿಕೊಳ್ಳುತ್ತಿದ್ದ. ಈ ಕ್ಷಮೆ ಮರೆತರೆ ಅದು ಬರೀ ಬೈಗುಳ ಆಗಿಬಿಡುತ್ತದೆ.

ಬೇರೆಯವರ ದುಃಖದ ಎದುರು ಈ ಚೀಟಿ ಹೊರಗೆ ತೆಗೆಯುವುದಿಲ್ಲ. ಅಳುವವರ ಜೊತೆ ಮರುಗಿ, ಬೇಕಾದರೆ ನರಳಿ, ಆದರೆ ಒಳಗೊಳಗೆ ನರಳಬೇಡಿ ಎನ್ನುತ್ತಾನೆ ಎಪಿಕ್ಟೆಟಸ್. ಮೊದಲರ್ಧ ಒಪ್ಪುತ್ತೇನೆ. ಉಳಿದದ್ದು ನನಗಿನ್ನೂ ಒಗ್ಗಿಲ್ಲ, ಒಗ್ಗಬೇಕೆಂಬ ಆಸೆಯೂ ಅಷ್ಟಿಲ್ಲ.