ಹೀಟಿಂಗ್ ಬಿಲ್ಲಿನಲ್ಲಿ ಓನರ್ ಪಾಲೂ ಇದೆ: ಜರ್ಮನಿಯ ಹವಾಮಾನ ಕಾನೂನು, ಬಾಡಿಗೆದಾರರ ಕಣ್ಣಲ್ಲಿ

ಜರ್ಮನಿಗೆ ಬಂದ ಹೊಸತರಲ್ಲಿ ಪರಿಸರ ಕಾನೂನು ಅಂದರೆ ಕಸ ಬೇರೆ ಮಾಡುವುದು, ಖಾಲಿ ಬಾಟಲಿ ಕೊಟ್ಟು 25 ಸೆಂಟ್ ವಾಪಸ್ ಪಡೆಯುವುದು, ಇಷ್ಟೇ ಅನ್ನಿಸುತ್ತದೆ. ಅವೆರಡನ್ನೂ ಪಕ್ಕದ ಮನೆಯವರು ವಾರದೊಳಗೆ ಕಲಿಸಿಬಿಡುತ್ತಾರೆ. ಯಾರೂ ಹೇಳಿಕೊಡದ ಭಾಗ ಇರುವುದು ಹೀಟಿಂಗ್ ಬಿಲ್ಲಿನಲ್ಲಿ. ಬಾಡಿಗೆ ಮನೆಯಲ್ಲಿರುವ ನಮ್ಮವರು ಸುಮ್ನೆ ದುಡ್ಡು ಕಳೆದುಕೊಳ್ಳುವುದೂ ಅಲ್ಲೇ.

2021ರಿಂದ ಇಲ್ಲಿ ಪೆಟ್ರೋಲ್, ಡೀಸೆಲ್, ಹೀಟಿಂಗ್ ಆಯಿಲ್, ಗ್ಯಾಸ್ ಉರಿಸಿದರೆ ಹೊರಬರುವ ಇಂಗಾಲದ ಡೈಆಕ್ಸೈಡ್‌ಗೆ (ಮುಂದೆ ಚಿಕ್ಕದಾಗಿ ಇಂಗಾಲ ಎನ್ನುತ್ತೇನೆ) ಬೆಲೆ ಇದೆ. ಮೊದಲ ವರ್ಷ ಟನ್ನಿಗೆ 25 ಯೂರೋ ಇತ್ತು. 2025ರಲ್ಲಿ 55 ಯೂರೋ ಆಯಿತು. 2026ಕ್ಕೆ ಹರಾಜಿನಲ್ಲಿ 55ರಿಂದ 65 ಯೂರೋ ಒಳಗೆ ಬೆಲೆ ನಿಗದಿಯಾಗಬೇಕು ಎಂದು ಕಾನೂನಿನಲ್ಲಿದೆ. ಇಂಧನ ಕಂಪನಿ ಇದನ್ನು ಕಟ್ಟಿ, ಗ್ರಾಹಕರ ಬಿಲ್ಲಿಗೆ ಸೇರಿಸುತ್ತದೆ. ಮೊದಲೆರಡು ವರ್ಷ ಈ ಹೊರೆ ಪೂರ್ತಿ ಬಾಡಿಗೆದಾರರ ತಲೆಗೆ ಬರುತ್ತಿತ್ತು. ಆದರೆ ಹಳೇ ಬಾಯ್ಲರ್ ಬದಲಿಸುವುದು, ಗಾಳಿ ನುಗ್ಗುವ ಕಿಟಕಿ ತೆಗೆಸುವುದು ನಮ್ಮ ಕೈಯಲ್ಲಿಲ್ಲ, ಅಲ್ವಾ? ಅದಕ್ಕೇ 2023ರಿಂದ ಈ ಖರ್ಚನ್ನು ಓನರ್ ಜೊತೆ ಹಂಚಿಕೊಳ್ಳಬೇಕು ಎಂಬ ಕಾನೂನು ಬಂತು.

ಹಂಚಿಕೆಗೆ ಹತ್ತು ಮೆಟ್ಟಿಲುಗಳಿವೆ. ಮನೆಯ ಒಂದು ಚದರ ಮೀಟರಿಗೆ ವರ್ಷಕ್ಕೆ 12 ಕಿಲೋಗಿಂತ ಕಡಿಮೆ ಇಂಗಾಲ ಹೊರಬಿದ್ದರೆ ಪೂರ್ತಿ ನಾವೇ ಕಟ್ಟಬೇಕು. 52 ಕಿಲೋ ಅಥವಾ ಅದಕ್ಕಿಂತ ಜಾಸ್ತಿಯಾದರೆ ಓನರ್ 95 ಶೇಕಡಾ ಕಟ್ಟಬೇಕು. ಒಂದು ಲೆಕ್ಕ ನೋಡಿ. 60 ಚದರ ಮೀಟರಿನ ಮನೆ, ವರ್ಷಕ್ಕೆ 10,000 ಯೂನಿಟ್ (ಕಿಲೋವ್ಯಾಟ್‌ಅವರ್) ಗ್ಯಾಸ್. ಹೊರಬೀಳುವ ಇಂಗಾಲ ಸುಮಾರು 1,800 ಕಿಲೋ, ಅಂದರೆ ಚದರ ಮೀಟರಿಗೆ 30 ಕಿಲೋ. 2025ರ ದರದಲ್ಲಿ ತೆರಿಗೆ ಸೇರಿ 100 ಯೂರೋ ದಾಟುತ್ತದೆ. ಅದರಲ್ಲಿ 40 ಶೇಕಡಾ ಓನರ್‌ದು. ದೊಡ್ಡ ಮೊತ್ತವೇನಲ್ಲ. ಆದರೆ ವರ್ಷಾವರ್ಷ ಬಿಟ್ಟುಕೊಡುವ ಮೊತ್ತವೂ ಅಲ್ಲ.

ನಿಮ್ಮ ಕಟ್ಟಡಕ್ಕೆಲ್ಲ ಒಂದೇ ಬಾಯ್ಲರ್ ಇದ್ದರೆ ಈ ಹಂಚಿಕೆಯನ್ನು ಓನರ್ ತಾನೇ ಮಾಡಿ, ವರ್ಷದ ನೆಬೆನ್‌ಕೋಸ್ಟೆನ್, ಅಂದರೆ ಬಾಡಿಗೆ ಮೇಲಿನ ಇತರ ಖರ್ಚುಗಳ ಲೆಕ್ಕದಲ್ಲಿ ತೋರಿಸಬೇಕು. ತೋರಿಸದಿದ್ದರೆ ಹೀಟಿಂಗ್ ಖರ್ಚಿನ ನಿಮ್ಮ ಪಾಲಿನಲ್ಲಿ 3 ಶೇಕಡಾ ಮುರಿದುಕೊಳ್ಳುವ ಹಕ್ಕಿದೆ. ಲೆಕ್ಕ ಕೈಸೇರಿದ ಮೇಲೆ ತಕರಾರು ಹೇಳಲು 12 ತಿಂಗಳ ಸಮಯವಿದೆ.

ಸಿಕ್ಕಿಬೀಳುವುದು ಇನ್ನೊಂದು ಬಗೆಯ ಮನೆಯವರು. ಫ್ಲಾಟ್ ಒಳಗೇ ಗ್ಯಾಸ್ ಬಾಯ್ಲರ್ ಇದ್ದು, ಗ್ಯಾಸ್ ಕಂಪನಿಯ ಜೊತೆ ನಿಮ್ಮದೇ ಕರಾರು ಇದ್ದರೆ, ಓನರ್‌ಗೆ ಏನೂ ಗೊತ್ತಾಗುವುದಿಲ್ಲ. ನೀವೇ ಕೇಳಬೇಕು. ಕಂಪನಿಯ ಬಿಲ್ ಬಂದ ಆರು ತಿಂಗಳೊಳಗೆ ಇಮೇಲ್ ಅಥವಾ ಪತ್ರ ಬರೆಯಬೇಕು, ಬಾಯಿಮಾತು ಸಾಲದು. ಇಂಗಾಲದ ತೂಕ, ಬೆಲೆ ಎರಡೂ ಆ ಬಿಲ್ಲಿನಲ್ಲೇ ಅಚ್ಚಾಗಿರುತ್ತವೆ. ಓನರ್ ಜೊತೆ ಮನಸ್ತಾಪ ಯಾಕೆ ಎಂದು ನಮ್ಮವರು ಹಿಂಜರಿಯುತ್ತಾರೆ. ಇಲ್ಲಿ ಇಂಥ ಪತ್ರ ಬರೆಯುವುದು ಮಾಮೂಲಿ ಸಂಗತಿ, ಯಾರೂ ಮುಖ ಊದಿಸಿಕೊಳ್ಳುವುದಿಲ್ಲ. ಗೊಂದಲವಾದರೆ ಊರಿನ ಮೀಟರ್‌ಫೆರೈನ್, ಅಂದರೆ ಬಾಡಿಗೆದಾರರ ಸಂಘಕ್ಕೆ ಸದಸ್ಯರಾಗಿ. ಅವರು ಕಾಗದಪತ್ರ ನೋಡಿಕೊಡುತ್ತಾರೆ.

ಇಷ್ಟು ಬಿಗಿ ಯಾಕೆ ಎಂದರೆ, ಸರ್ಕಾರಕ್ಕೂ ಕೋರ್ಟಿನ ಭಯವಿದೆ. 2021ರಲ್ಲಿ ಕಾರ್ಲ್ಸ್‌ರೂಹೆಯ ಸಂವಿಧಾನ ಕೋರ್ಟು ಹವಾಮಾನ ಕಾನೂನಿನ ಒಂದು ಭಾಗ ಸಂವಿಧಾನಕ್ಕೆ ವಿರುದ್ಧ ಎಂದಿತು. 2030ರ ನಂತರ ಏನು ಎಂದು ಹೇಳದೆ ಕಷ್ಟವನ್ನೆಲ್ಲ ಮುಂದಿನವರ ಮೇಲೆ ತಳ್ಳಿದರೆ ಅವರ ಸ್ವಾತಂತ್ರ್ಯಕ್ಕೇ ಕತ್ತರಿ ಬೀಳುತ್ತದೆ ಎಂಬುದು ಕೋರ್ಟಿನ ವಾದ. ದೂರು ಕೊಟ್ಟವರಲ್ಲಿ ಬಾಂಗ್ಲಾದೇಶ, ನೇಪಾಳದವರೂ ಇದ್ದರು, ಆದರೆ ಅವರ ಬೇಡಿಕೆಯನ್ನು ಕೋರ್ಟು ಒಪ್ಪಲಿಲ್ಲ. ತೀರ್ಪಿನ ಬೆನ್ನಿಗೇ ಕಾನೂನು ತಿದ್ದಿದರು: 1990ಕ್ಕೆ ಹೋಲಿಸಿದರೆ 2030ಕ್ಕೆ 65 ಶೇಕಡಾ ಕಡಿತ, 2045ಕ್ಕೆ ನಿವ್ವಳ ಸೊನ್ನೆ. ಅಣುಸ್ಥಾವರಗಳಲ್ಲಿ ಕೊನೆಯ ಮೂರನ್ನು 2023ರ ಏಪ್ರಿಲ್ 15ರಂದು ಮುಚ್ಚಿದರು. ಕಲ್ಲಿದ್ದಲಿಗೆ ಮಾತ್ರ 2038ರವರೆಗೆ ಗಡುವು. ಈ ಕ್ರಮ ಉಲ್ಟಾ ಇರಬೇಕಿತ್ತು ಎಂದು ನನ್ನ ಅಭಿಪ್ರಾಯ. ಜರ್ಮನ್ನರೇ ಇದರ ಬಗ್ಗೆ ಇನ್ನೂ ಜಗಳವಾಡುತ್ತಾರೆ.

ಬಾಡಿಗೆದಾರರಿಗೆ ಖುಷಿ ಕೊಡುವ ನಿಯಮವೂ ಒಂದಿದೆ. ಬಾಲ್ಕನಿಯಲ್ಲಿ ಪುಟ್ಟ ಸೋಲಾರ್ ಪ್ಯಾನೆಲ್ ಹಾಕಿಕೊಳ್ಳಬಹುದು. ಇನ್ವರ್ಟರ್ 800 ವೋಲ್ಟ್‌ಆಂಪಿಯರ್, ಪ್ಯಾನೆಲ್ ಒಟ್ಟು 2,000 ವ್ಯಾಟ್ ಮೀರಬಾರದು. ಮಾರ್ಕ್ಟ್‌ಷ್ಟಾಮ್‌ಡಾಟೆನ್‌ರೆಗಿಸ್ಟರ್ ಎಂಬ ನಾಲಿಗೆ ತಿರುಚುವ ಹೆಸರಿನ ತಾಣದಲ್ಲಿ ನೋಂದಾಯಿಸಿದರೆ ಸಾಕು. ಓನರ್ ಒಪ್ಪಿಗೆ ಕೇಳಬೇಕು. ಆದರೆ 2024ರ ಅಕ್ಟೋಬರ್ ನಂತರ ಗಟ್ಟಿ ಕಾರಣವಿಲ್ಲದೆ ಅವರು ಬೇಡ ಅನ್ನುವಂತಿಲ್ಲ.

ಕಾರು ಕೊಂಡರೆ ಗಾಜಿನ ಮೇಲೆ ಹಸಿರು ಸ್ಟಿಕ್ಕರ್ ಇದೆಯಾ ನೋಡಿ. ಬರ್ಲಿನ್, ಮ್ಯೂನಿಕ್, ಸ್ಟುಟ್‌ಗಾರ್ಟ್‌ನಂಥ ಊರುಗಳ ಉಮ್‌ವೆಲ್ಟ್‌ಝೋನ್, ಅಂದರೆ ಹೊಗೆ ಕಡಿಮೆ ಮಾಡಲು ಗುರುತಿಸಿದ ಪ್ರದೇಶದ ಒಳಗೆ ಅದಿಲ್ಲದೆ ಹೋದರೆ 100 ಯೂರೋ ದಂಡ. ಎಲೆಕ್ಟ್ರಿಕ್ ಕಾರಿಗೂ ಬೇಕು.

ಆಯುಧಪೂಜೆಗೆ ಕಾರನ್ನು ಮನೆ ಮುಂದೆ ಬಕೆಟ್ ನೀರು, ಸೋಪು ಹಾಕಿ ತೊಳೆಯಲು ಹೋಗಬೇಡಿ. ಎಣ್ಣೆ, ಸೋಪಿನ ನೀರು ನೆಲಕ್ಕೆ ಇಳಿಯಬಾರದು ಎಂದು ತುಂಬಾ ಊರುಗಳಲ್ಲಿ ಇದಕ್ಕೆ ನಿಷೇಧವಿದೆ. ಕಾರ್ ವಾಶ್‌ನಲ್ಲಿ ತೊಳೆಸಿ, ಆಮೇಲೆ ಕುಂಕುಮ ಹಚ್ಚಿ. ಚಕ್ರದ ಕೆಳಗೆ ನಿಂಬೆಹಣ್ಣು ಇಡಬಾರದು ಎಂಬ ಕಲಂ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ದೀಪಾವಳಿ ಪಟಾಕಿಗೆ ಇನ್ನೂ ಬಿಗಿ. ರಾಕೆಟ್, ಸರಪಟಾಕಿ ಹೊಡೆಯಲು ಸಾಮಾನ್ಯರಿಗೆ ಅವಕಾಶ ಇರುವುದು ಡಿಸೆಂಬರ್ 31 ಮತ್ತು ಜನವರಿ 1ರಂದು ಮಾತ್ರ. ಬೇರೆ ದಿನ ಬೇಕಾದರೆ ಊರಿನ ಓರ್ಡ್‌ನುಂಗ್ಸ್‌ಆಮ್ಟ್, ಅಂದರೆ ಸಾರ್ವಜನಿಕ ಶಿಸ್ತು ನೋಡಿಕೊಳ್ಳುವ ಕಚೇರಿಯಿಂದ ವಿಶೇಷ ಅನುಮತಿ ಪಡೆಯಬೇಕು. ಕನ್ನಡ ಸಂಘ ದೊಡ್ಡ ಕಾರ್ಯಕ್ರಮ ಮಾಡುವುದಿದ್ದರೆ ತುಂಬಾ ಮುಂಚೆಯೇ ಕೇಳಿ. ಇಲ್ಲಿನ ಅಂಗಡಿಯಲ್ಲಿ ಎಫ್1 (ಅತಿ ಕಡಿಮೆ ಅಪಾಯದ ವರ್ಗ) ಎಂದು ಬರೆದು ಮಾರುವ ಸುರುಸುರುಬತ್ತಿಗೆ ಮಾತ್ರ ವರ್ಷವಿಡೀ ಅನುಮತಿ ಇದೆ. ಹಚ್ಚುವ ಮಕ್ಕಳಿಗೆ 12 ವರ್ಷ ತುಂಬಿರಬೇಕು.